ಮೊದಲ ಪದ ಹೇಳಿಕೊಡುವ ಮೇಡಂ

ಪಕ್ಕದ ಕೋಣೆಯ ಗದ್ದಲವನ್ನು ಒಂಬತ್ತು ವರ್ಷ ಕೇಳಿಸಿಕೊಂಡವನು ನಾನು. ನಮ್ಮ ಶಾಲೆಯಲ್ಲಿ ಎರಡನೇ ಕ್ಲಾಸಿಗೂ ಮೂರನೇ ಕ್ಲಾಸಿಗೂ ನಡುವೆ ಗೋಡೆಯಿಲ್ಲ, ಹಲಗೆಯ ಅಡ್ಡಗೋಡೆ ಇದೆ. ಅದು ಸೂರಿನವರೆಗೆ ಹೋಗುವುದಿಲ್ಲ. ನನ್ನ ತಲೆಯಿಂದ ಎರಡು ಮೊಳ ಮೇಲಕ್ಕೆ ಹೋಗಿ, ಸಾಕಪ್ಪ ಎಂದು ಅಲ್ಲೇ ನಿಂತುಬಿಟ್ಟಿದೆ. ಆ ಕಡೆ ಪಾಠ ನಡೆದರೆ ಈ ಕಡೆ ಲೆಕ್ಕ ತಪ್ಪುತ್ತದೆ. ಮೂರನೇ ಕ್ಲಾಸಿನ ಮೇಷ್ಟ್ರಾಗಿ ನಾನು ಬಯಸಿದ್ದು ಇಷ್ಟೇ: ಒಂದು ದಿನ, ಒಂದೇ ಒಂದು ದಿನ, ಆ ಕಡೆಯವರು ಸುಮ್ಮನಿರಲಿ. ಆ ದಿನ ಬಂದಾಗ ನನಗೆ ಸಂತೋಷವೇನೂ ಆಗಲಿಲ್ಲ.

ಎರಡನೇ ಕ್ಲಾಸಿನ ಮೇಡಂಗೆ ನಾವು ಸ್ಟಾಫ್ ರೂಮಿನಲ್ಲಿ ಇಟ್ಟ ಹೆಸರು ಮೈಕು ಮೇಡಂ. ಅದು ಅವರಿಗೂ ಗೊತ್ತಿತ್ತು. ಅವರು ಹಾಜರಿ ಕೂಗಿದರೆ ಗೇಟಿನ ಆಚೆ ಸೈಕಲ್ ನಿಲ್ಲಿಸಿಕೊಂಡವರು ತಿರುಗಿ ನೋಡುತ್ತಿದ್ದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಯಜಮಾನರು ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ ಎರಡೂ ಕಿವಿ ಕಳೆದುಕೊಂಡವರು. ಮನೆಯಲ್ಲಿ ಕಿವಿ ಕೇಳಿಸದ ಗಂಡ, ಶಾಲೆಯಲ್ಲಿ ಮೂವತ್ತೊಂದು ಮಕ್ಕಳು. ಅವರ ಗಂಟಲಿಗೆ ಭಾನುವಾರ ಎನ್ನುವುದೇ ಇರಲಿಲ್ಲ.

ಅವರು ಪಾಠ ಮಾಡುವ ರೀತಿಯನ್ನು ಹೇಳಬೇಕು, ಏಕೆಂದರೆ ಎಲ್ಲ ನಡೆದದ್ದು ಅದರಿಂದಲೇ. ಪಾಠವನ್ನು ದುಂಡಗಿನ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯುವರು. ಉದ್ದನೆಯ ಕೋಲನ್ನು ಸಾಲಿನ ಕೆಳಗೆ ಇಡುವರು. ಪ್ರತಿ ಸಾಲಿನ ಮೊದಲ ಪದವನ್ನು ತಾವು ಹೇಳುವರು, ಉಳಿದದ್ದನ್ನು ಮಕ್ಕಳೆಲ್ಲ ಒಟ್ಟಿಗೆ ಹೇಳಬೇಕು. "ಕೆರೆಯ" ಎಂದು ಇವರು, "ದಂಡೆಯ ಮೇಲೆ ಒಂದು ಆಮೆ ಇತ್ತು" ಎಂದು ಅವರು. "ಅದಕ್ಕೆ" ಎಂದು ಇವರು, "ನಡೆದೂ ನಡೆದೂ ಸಾಕಾಗಿತ್ತು" ಎಂದು ಅವರು. ನಾನು ಈ ಕಡೆ ಮಗ್ಗಿ ಹೇಳಿಸುತ್ತಿದ್ದರೆ ನನ್ನ ಮಕ್ಕಳಲ್ಲಿ ನಾಲ್ಕು ಜನ ಆಮೆಯ ಜೊತೆ ಹೋಗಿಬಿಡುತ್ತಿದ್ದರು. ಕೇಳುವುದಕ್ಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ತಪಾಸಣೆಗೆ ಬಂದ ಅಧಿಕಾರಿಗಳು ಬಾಗಿಲಲ್ಲಿ ನಿಂತು ತಲೆದೂಗಿ ಹೋಗುತ್ತಿದ್ದರು.

ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದು ಮಾತ್ರ ಅವರ ಕ್ಲಾಸಿನಲ್ಲಿ ಇರಲಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ಕಾರಣ ಹೇಳಿದ್ದರು. ಅವರು ಏಳು ವರ್ಷದವರಿದ್ದಾಗ ಒಬ್ಬ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಒಂದು ಸಾಲು ಓದು ಎಂದರಂತೆ. ಎರಡನೇ ಪದದಲ್ಲಿ ಇವರು ಸಿಕ್ಕಿಕೊಂಡರು. ಮೇಷ್ಟ್ರು ಹೇಳಿಯೂ ಕೊಡಲಿಲ್ಲ, ಕೂರಿಸಲೂ ಇಲ್ಲ. ಇಡೀ ಕ್ಲಾಸು ಕಾಯಲಿ ಎಂದು ಕುರ್ಚಿಯಲ್ಲಿ ಒರಗಿಕೊಂಡರು. ಕೊನೆಗೆ ನಿಂತಲ್ಲೇ ಲಂಗ ಒದ್ದೆಯಾಯಿತು.

"ಅವತ್ತೇ ಅಂದ್ಕೊಂಡೆ ಮೇಷ್ಟ್ರೇ," ಎಂದರು, ಡಬ್ಬಿಯ ಮುಚ್ಚಳ ಹಾಕುತ್ತಾ. "ನನ್ನ ಕ್ಲಾಸಲ್ಲಿ ಯಾವ ಮಗೂನೂ ಒಂಟಿಯಾಗಿ ತಡವರಿಸೋ ಹಾಗೆ ಆಗ್ಬಾರ್ದು. ಮೊದಲನೇ ಪದ ನಾನು ಹೇಳ್ಕೊಡ್ತೀನಿ. ಆಮೇಲೆ ಅವೇ ಓಡ್ತವೆ."

ಓಡುತ್ತಿದ್ದವು, ನಿಜ. ಓದುತ್ತಿರಲಿಲ್ಲ. ಪ್ರತಿ ವರ್ಷ ಶಾಲೆ ಶುರುವಾದ ಮೊದಲ ವಾರ, ಅವರ ಕ್ಲಾಸಿನಿಂದ ನನ್ನ ಕ್ಲಾಸಿಗೆ ಬಂದ ಮಕ್ಕಳ ಕೈಗೆ ಹೊಸ ಪುಸ್ತಕ ಕೊಟ್ಟರೆ ಮುಕ್ಕಾಲು ಪಾಲು ಮಕ್ಕಳು ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳುತ್ತಿದ್ದವು. ಎರಡನೇ ಕ್ಲಾಸಿನ ಪುಸ್ತಕ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಯಿಪಾಠ. ಇದು ನಾನು ಈ ಶಾಲೆಗೆ ಬಂದ ವರ್ಷವೇ ತಿಳಿಯಿತು. ಬಾಗಿಲು ಎಳೆದುಕೊಂಡು ಮೂರು ತಿಂಗಳು ಅ ಆ ಇ ಈ ಯಿಂದ ಹಿಡಿದು ತಿದ್ದಿಸುತ್ತಿದ್ದೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಗೊಣಗುತ್ತಿದ್ದೆ. "ಅವರಿಗೇ ಹೇಳ್ರಿ, ನನಗೆ ಹೇಳಿದ್ರೆ ಏನು ಬಂತು," ಎನ್ನುತ್ತಿದ್ದಳು ಅವಳು. ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಆಮೇಲೆ ಬರುತ್ತೇನೆ, ಅದು ನನಗೆ ಶೋಭೆ ತರುವ ವಿಷಯವಲ್ಲ.

ಈ ವರ್ಷದ ಎರಡನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಎಲ್ಲರೂ ಅವಳನ್ನು ಲೀಡರ್ ಎಂದೇ ಕರೆಯುತ್ತಿದ್ದರು. ಗಿಡ್ಡಗೆ, ಮುಂದಿನ ಎರಡು ಹಲ್ಲು ಬಿದ್ದು, ಯಾರಿಗೂ ಸೊಪ್ಪು ಹಾಕದ ನಡಿಗೆ. ಮೇಡಂ ಮೊದಲ ಪದ ಹೇಳಿದರೆ ಎರಡನೆಯದನ್ನು ಎತ್ತಿಕೊಳ್ಳುವ ಗಂಟಲು ಅವಳದೇ. ಉಳಿದ ಮೂವತ್ತು ಜನ ಅವಳ ಹಿಂದೆ. ಕೋಲು ತರುವವಳು ಅವಳು, ಬೋರ್ಡು ಒರೆಸುವವಳು ಅವಳು, ಮೇಡಂ ನೀರು ಕುಡಿಯಲು ಹೋದಾಗ ಪಾಠ ಮುಂದುವರಿಸುವವಳೂ ಅವಳೇ. ಅಡ್ಡಗೋಡೆಯ ಹಲಗೆಯಲ್ಲಿ ಗಂಟು ಉದುರಿ ಒಂದು ತೂತಾಗಿದೆ. ಅದರಲ್ಲಿ ನೋಡಿದಾಗಲೆಲ್ಲ ಅವಳು ಬೆಂಚಿನ ಮೇಲೆ ನಿಂತೇ ಇರುತ್ತಿದ್ದಳು.

ವರ್ಷ ಮುಗಿಯಲು ಇನ್ನೂ ಹತ್ತು ವಾರ ಇದ್ದಾಗ ಮೇಡಂ ಗಂಟಲು ಕೈಕೊಟ್ಟಿತು. ಮೊದಲು ಕರಕರ, ಆಮೇಲೆ ಬರಿಯ ಗಾಳಿ. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಒಳಗೆ ಗಂಟುಗಳಾಗಿವೆ, ಆರು ವಾರ ಒಂದು ಮಾತೂ ಆಡಕೂಡದು, ಪಿಸುಮಾತೂ ಬೇಡ ಎಂದರು. ಮಾರನೆಯ ದಿನ ಮೇಡಂ ಜೊತೆ ಯಜಮಾನರೇ ಶಾಲೆಗೆ ಬಂದು ಹೆಡ್ ಮಾಸ್ಟರಿಗೆ ಚೀಟಿ ಕೊಟ್ಟರು.

"ಇವಳು ಮಾತಾಡೋ ಹಾಗಿಲ್ವಂತೆ," ಎಂದರು, ಇಡೀ ಶಾಲೆಗೆ ಕೇಳುವ ಹಾಗೆ. "ನಮ್ಮನೇಲೇನೂ ತೊಂದ್ರೆ ಇಲ್ಲ. ಮೊದಲೂ ನಂಗೆ ಕೇಳಿಸ್ತಿರ್ಲಿಲ್ಲ."

ಹೆಡ್ ಮಾಸ್ಟರು ರಜೆ ತೆಗೆದುಕೊಳ್ಳಿ ಎಂದರು. ರಜೆ ಎಂದರೆ ಏನು ಎನ್ನುವುದು ಅಲ್ಲಿ ನಿಂತ ಹೆಡ್ ಮಾಸ್ಟರಿಗೂ ಮೇಡಂಗೂ ನನಗೂ ಗೊತ್ತಿತ್ತು. ಬದಲಿಗೆ ಯಾರೂ ಬರುವುದಿಲ್ಲ, ಅಡ್ಡಗೋಡೆಯಲ್ಲಿರುವ ಬಾಗಿಲು ತೆಗೆದು ಆ ಮೂವತ್ತೊಂದನ್ನೂ ನನ್ನ ಮೂವತ್ತಮೂರಕ್ಕೆ ಸೇರಿಸುತ್ತಾರೆ. ಮೇಡಂ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅವರು ಕೈಯಲ್ಲಿದ್ದ ಸ್ಲೇಟಿನ ಮೇಲೆ "ಬೇಡ, ನಿಭಾಯಿಸುತ್ತೇನೆ" ಎಂದು ಬರೆದರು. ನನಗೆ ಜೀವ ಬಂದ ಹಾಗಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಅಂದು ಮೊದಲ ಪೀರಿಯಡ್ಡು. ಆ ಕಡೆ ಬೋರ್ಡಿನ ಮೇಲೆ ಸೀಮೆಸುಣ್ಣ ಓಡಿದ ಸದ್ದು, ಆಮೇಲೆ ಕೋಲು ಒರಗಿದ ಸದ್ದು. ಆಮೇಲೆ ಏನೂ ಇಲ್ಲ. ನನ್ನ ಮಕ್ಕಳು ಕೂಡ ತಲೆಯೆತ್ತಿದರು. ನಾನು ತೂತಿನ ಹತ್ತಿರ ಹೋದೆ. ಮೇಡಂ ಕೋಲನ್ನು ಮೊದಲ ಸಾಲಿನ ಕೆಳಗೆ ಹಿಡಿದು ನಿಂತಿದ್ದಾರೆ, ಮೂವತ್ತೊಂದು ಬಾಯಿಗಳು ಅರ್ಧ ತೆರೆದಿವೆ. ಎಲ್ಲರೂ ಬೋರ್ಡನ್ನಲ್ಲ, ಮೇಡಂ ಬಾಯಿಯನ್ನು ನೋಡುತ್ತಿದ್ದರು.

ಲೀಡರ್ ಕೊನೆಗೆ ಉಪಾಯ ಮಾಡಿದಳು. ತಾನೇ "ಕೆರೆಯ" ಎಂದಳು. ತಕ್ಷಣ ಕ್ಲಾಸಿಗೆ ಕ್ಲಾಸೇ ಎದ್ದು ಆಮೆಯನ್ನು ದಂಡೆಯ ಮೇಲೆ ಕೂರಿಸಿತು. ಮೇಡಂ ಮುಖ ಸಡಿಲವಾಯಿತು. ಏನೆನಿಸಿತೋ, ಅವರು ಕೋಲನ್ನು ನೇರ ನಾಲ್ಕನೇ ಸಾಲಿಗೆ ಇಳಿಸಿದರು. ಮಕ್ಕಳು ಎರಡನೇ ಸಾಲು ಹೇಳಿದವು. ಕೋಲನ್ನು ಕೊನೆಯ ಸಾಲಿಗೆ ಒಯ್ದರು. ಮಕ್ಕಳು ಮೂರನೇ ಸಾಲು ಹೇಳಿದವು. ಕೋಲು ಎಲ್ಲಿದ್ದರೂ ಅವರ ಆಮೆ ತನ್ನ ದಾರಿಯಲ್ಲೇ ನಡೆಯುತ್ತಿತ್ತು.

ಮೇಡಂ ಕೋಲು ಕೆಳಗಿಟ್ಟರು. ಲೀಡರನ್ನು ಹತ್ತಿರ ಕರೆದು ಪುಸ್ತಕ ತೆರೆದು, ಹಿಂದಿನ ತಿಂಗಳಷ್ಟೇ ಮುಗಿಸಿದ ಒಂದು ಪಾಠವನ್ನು ತೋರಿಸಿದರು. ಪುಟದ ಮೇಲರ್ಧದಲ್ಲಿದ್ದ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಸಾಲಿಗೆ ಬೆರಳಿಟ್ಟರು. ಲೀಡರ್ ಆ ಸಾಲನ್ನು ನೋಡಿದಳು, ಮೇಡಂ ಕೈಯನ್ನು ನೋಡಿದಳು. ಅವಳಿಗೆ ಇದೇನೋ ಮೋಸ ಎನಿಸಿರಬೇಕು.

"ಮಿಸ್," ಎಂದಳು, "ಕೈ ತೆಗೀರಿ. ಚಿತ್ರ ಕಾಣ್ತಿಲ್ಲ."

ಮೇಡಂ ಕೈ ತೆಗೆಯಲಿಲ್ಲ. ಆ ಮಗು ತುಂಬ ಹೊತ್ತು ನಿಂತಿತು. ಆಮೇಲೆ ಅದರ ಗದ್ದ ನಡುಗತೊಡಗಿತು, ಮೇಡಂ ಬೆಚ್ಚಿಬಿದ್ದು ಕೈ ಎಳೆದುಕೊಂಡರು. ನಾನು ತೂತಿನಿಂದ ಸರಿದು ನನ್ನ ಮಕ್ಕಳಿಗೆ ಐದು ಭಾಗಾಕಾರ ಕೊಟ್ಟೆ.

ಆಮೇಲಿನ ಆರು ವಾರ ಮೇಡಂ ಸವೆದರು. ಬೇರೆ ಮಾತು ಸಿಗುವುದಿಲ್ಲ. ಮಾತಿಲ್ಲದ ಮೇಲೆ ಮಾಡಬೇಕಾದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಬೇಕಾಯಿತು. "ಕಿಟಕಿ ತೆಗೆಯಿರಿ" ಎಂದು ಬರೆದರು. ಮಕ್ಕಳು ಅದನ್ನೊಂದು ಹೊಸ ಪಾಠವೆಂದುಕೊಂಡು ಮೊದಲ ಪದಕ್ಕಾಗಿ ಕಾದವು. ಕೊನೆಯ ಬೆಂಚಿನಿಂದ ಉಗ್ಗುವ ಹುಡುಗಿಯೊಬ್ಬಳು ಎದ್ದು ಹೋಗಿ ಕಿಟಕಿ ತೆಗೆದಳು. ಅವಳಿಗೆ ಎಲ್ಲರ ಜೊತೆ ದನಿಗೂಡಿಸಲು ಆಗುತ್ತಿರಲಿಲ್ಲ, ಅವಳ ಬಾಯಿ ತೆರೆಯುವಷ್ಟರಲ್ಲಿ ಉಳಿದವರು ಮುಂದಿನ ಸಾಲಿನಲ್ಲಿರುತ್ತಿದ್ದರು. ಹಾಗಾಗಿ ಅವಳು ವರ್ಷವಿಡೀ ಸುಮ್ಮನೆ ಬೋರ್ಡು ನೋಡುತ್ತಾ ಕೂತಿದ್ದಳು, ನೋಡಿ ನೋಡಿ ಕಲಿತಿದ್ದಳು. ಅಂಥವರು ಇನ್ನೂ ಆರು ಜನ ಸಿಕ್ಕರು. ಮೂವತ್ತೊಂದರಲ್ಲಿ ಏಳು.

ಉಳಿದ ಇಪ್ಪತ್ತನಾಲ್ಕನ್ನು ಮೇಡಂ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡರು. ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಐದು, ಊಟದ ಹೊತ್ತಿನಲ್ಲಿ ನಾಲ್ಕು, ಸಂಜೆ ಆಯಾ ಗುಡಿಸುವವರೆಗೆ ಆರು. ಹಳೆಯ ಕ್ಯಾಲೆಂಡರ್ ಕತ್ತರಿಸಿ ಅದರ ಹಿಂಬದಿಗೆ ಅಕ್ಷರ ಬರೆದ ಚೀಟಿಗಳು, ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಚೀಟಿ ಇಡುವುದು, ಕಾಯುವುದು. ಮಗು ತಪ್ಪಿದರೆ ಇನ್ನೊಂದು ಇಡುವುದು, ಮತ್ತೆ ಕಾಯುವುದು. ಓದು ಬಂದ ಮಕ್ಕಳು ಬಾರದವರಿಗೆ ಮೇಡಂ ಪರವಾಗಿ ಅಕ್ಷರದ ಸದ್ದು ಹೇಳಿಕೊಡುತ್ತಿದ್ದರು. ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು, ಒಂದು ಕೈಯಿಂದ ಸೊಂಟ ಒತ್ತಿಕೊಂಡು ಅವರು ಕೂತಿರುವುದನ್ನು ನೋಡಿದರೆ ನನಗೇ ಸುಸ್ತಾಗುತ್ತಿತ್ತು. ಮಧ್ಯಾಹ್ನದ ಡಬ್ಬಿ ಎಷ್ಟೋ ದಿನ ತೆರೆಯದೆ ಮನೆಗೆ ಹೋಯಿತು.

ಒಬ್ಬಂಟಿಯಾಗಿ ತಡವರಿಸುವ ಪಾಡು ಯಾವ ಮಗುವಿಗೂ ಬರಬಾರದು ಎಂದುಕೊಂಡಿದ್ದವರು ಈಗ ದಿನಕ್ಕೆ ಹದಿನೈದು ಮಕ್ಕಳು ಎದುರಿಗೆ ತಡವರಿಸುವುದನ್ನು ನೋಡಿಕೊಂಡು ಬಾಯಿ ಮುಚ್ಚಿ ಕೂರಬೇಕಾಯಿತು. ಗಂಟಲ ನೋವಿಗಿಂತ ಅದೇ ಅವರಿಗೆ ಹೆಚ್ಚು ನೋಯಿತು ಎಂದು ನನ್ನ ಲೆಕ್ಕ.

ಲೀಡರ್ ಮಾತ್ರ ಬಗ್ಗಲಿಲ್ಲ. ಅವಳಿಗೆ ಓದು ಬರದಿರಲು ಅವಳ ಜ್ಞಾಪಕಶಕ್ತಿಯೇ ಕಾರಣ. ಒಂದು ಚೀಟಿಯ ಮೂಲೆ ಮಡಿಚಿದ್ದರೆ ಮಡಿಚಿದ ಮೂಲೆಯನ್ನು ನೆನಪಿಟ್ಟುಕೊಂಡು ಅಕ್ಷರ ಹೇಳುವಳು. ಮೂಲೆ ಕತ್ತರಿಸಿದರೆ ಎಣ್ಣೆಯ ಕಲೆ ನೆನಪಿಡುವಳು. ಎಲ್ಲ ಚೀಟಿ ಹೊಸದಾಗಿ ಬರೆದರೆ ಮೇಡಂ ತುಟಿ ನೋಡುವಳು. ಮೇಡಂಗೇ ಗೊತ್ತಿಲ್ಲದೆ ಅವರ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಅದು ತಿಳಿದ ದಿನ ಮೇಡಂ ಅವಳ ಎದುರಿನಿಂದ ಎದ್ದು ಬೆನ್ನ ಹಿಂದೆ ಹೋಗಿ ಕೂತರು. ಲೀಡರ್ ಎರಡು ಸಲ ಹಿಂತಿರುಗಿ ನೋಡಿದಳು. ಆಮೇಲೆ ಚೀಟಿಗಳನ್ನೆಲ್ಲ ಒಟ್ಟು ಮಾಡಿ ಮೇಜಿನ ಕೆಳಗೆ ಎಸೆದು ಮನೆಗೆ ಹೋದಳು.

ನಾಲ್ಕು ದಿನ ಅವಳು ಬರಲಿಲ್ಲ. ಐದನೇ ದಿನ ಅವಳ ತಾಯಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಬಸ್ ನಿಲ್ದಾಣದ ಹತ್ತಿರ ಇಸ್ತ್ರಿ ಅಂಗಡಿ ಇಟ್ಟವಳು, ಮುಂಗೈ ಮೇಲೆ ಸುಟ್ಟ ಗೆರೆಗಳು. ಇಪ್ಪತ್ತಮೂರು ವರ್ಷದ ಹಿಂದೆ ಅವಳೂ ಇದೇ ಮೇಡಂ ಕ್ಲಾಸಿನಲ್ಲಿ ಕೂತಿದ್ದವಳು. ಅಮ್ಮನಿಗೂ ನಾನೇ ಮಗಳಿಗೂ ನಾನೇ ಎಂದು ಮೇಡಂ ಹೆಮ್ಮೆಯಿಂದ ಹೇಳಿಕೊಳ್ಳುವುದಿತ್ತು.

"ಹೊಟ್ಟೆನೋವು ಅಂತಾಳೆ ಮಿಸ್, ತಟ್ಟೆ ತುಂಬ ತಿಂತಾಳೆ," ಎಂದಳು ತಾಯಿ. ಆಮೇಲೆ ಮಗಳ ತಲೆಗೆ ಮೊಟಕಿ, "ನಾನೂ ಇದೇ ಮಿಸ್ ಹತ್ರ ಓದಿದ್ದು ಕಣೇ. ನಂಗೆ ಬಂತು, ನಿಂಗೇನಾಗಿದೆ ದಾಡಿ?"

ಮೇಡಂ ಸ್ಲೇಟಿನಲ್ಲಿ ಏನೋ ಬರೆದು ಅವಳ ಕಡೆ ಹಿಡಿದರು. ತಾಯಿ ಅದನ್ನು ನೋಡಿ, ಆಯ್ತು ಮಿಸ್, ಆಯ್ತು ಎಂದು ತಲೆಯಾಡಿಸಿ ಹೋದಳು. ಸ್ಲೇಟಿನಲ್ಲಿ ಬರೆದದ್ದು "ಸಂಜೆ ಎಷ್ಟು ಹೊತ್ತಿಗೆ ಬಿಡುವಾಗಿರುತ್ತೀಯ?" ಎಂದು. ಬಾಗಿಲಲ್ಲಿ ನಿಂತಿದ್ದ ನಾನು ಅದನ್ನು ಓದಿದೆ. ಅವಸರದಲ್ಲಿದ್ದಳೇನೋ ಎಂದುಕೊಂಡೆ. ಮೇಡಂ ಮಾತ್ರ ಆ ಸ್ಲೇಟನ್ನು ಒರೆಸದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ಆರು ವಾರ ಮುಗಿದ ಮೇಲೆ ಡಾಕ್ಟರು ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು ಎಂದರು. ಬಂದ ದನಿ ಹಳೆಯದಲ್ಲ, ಹಳೆಯದರ ಚೂರು. ಮೇಡಂ ಆ ಹತ್ತು ನಿಮಿಷವನ್ನು ಜಿಪುಣರ ಹಾಗೆ ಬಳಸುತ್ತಿದ್ದರು. ಹಾಜರಿಗೆ ಮೂರು, ಮನೆಗೆ ನಾಲ್ಕು, ಉಳಿದದ್ದು ತುರ್ತಿಗೆ. ಚೀಟಿಗಳ ಕೆಲಸ ಮಾತಿಲ್ಲದೆಯೇ ಮುಂದುವರಿಯಿತು.

ವರ್ಷದ ಕೊನೆಯ ವಾರ ಪ್ರತಿ ಮಗುವಿನ ಬಗ್ಗೆ ಒಂದು ಹಾಳೆ ತುಂಬಬೇಕು. ಅದರಲ್ಲಿ ಒಂದು ಕಲಂ: ತಾನಾಗಿಯೇ ಓದಬಲ್ಲದೇ, ಹೌದು ಅಥವಾ ಇಲ್ಲ. ಇಪ್ಪತ್ತಾರು ವರ್ಷ ಆ ಕಲಂ ಉದ್ದಕ್ಕೂ ಮೇಡಂ ಹೌದು ಎಂದು ಬರೆದಿದ್ದರು. ಈ ವರ್ಷ ಇಪ್ಪತ್ತೆರಡು ಹೌದು, ಒಂಬತ್ತು ಇಲ್ಲ. ಲೀಡರ್ ಹೆಸರಿನ ಮುಂದೆಯೂ ಇಲ್ಲ. ಅಷ್ಟು ಹೊತ್ತಿಗೆ ಅವಳಿಗೆ ಅಕ್ಷರಗಳು ಸಿಕ್ಕಿದ್ದವು. ಪದವಾಗಿ ಕೂಡಿಸಲು ಹೊರಟರೆ ಎರಡನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಬಿಟ್ಟುಹೋಗುತ್ತಿತ್ತು, ಸಿಟ್ಟಿನಿಂದ ಪುಸ್ತಕ ಮುಚ್ಚುತ್ತಿದ್ದಳು.

ಹೆಡ್ ಮಾಸ್ಟರು ಹಾಳೆ ನೋಡಿ ಕನ್ನಡಕ ತೆಗೆದರು. "ಏನ್ ಮೇಡಂ ಇದು. ಇಷ್ಟು ವರ್ಷ ಒಂದೇ ಒಂದು ಇಲ್ಲ ಅನ್ನೋದು ಇರ್ಲಿಲ್ಲ. ಈ ವರ್ಷ ಒಂಬತ್ತಾ? ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?"

ಮೇಡಂ ಸ್ಲೇಟಿನ ಮೇಲೆ ಎರಡು ಪದ ಬರೆದರು. "ಈಗ ನೋಡಿದೆ."

ಹೆಡ್ ಮಾಸ್ಟರಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗುವುದು ಬೇಡವಾಯಿತು. ಹಾಗಾದರೆ ಆ ಒಂಬತ್ತು ಜನರನ್ನೂ ಎರಡರಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ, ಪ್ರತಿ ಮನೆಯಿಂದ ಒಪ್ಪಿಗೆಯ ಸಹಿ ಬೇಕು, ನೀವೇ ಹೋಗಿ ತನ್ನಿ ಎಂದರು. ಮೇಡಂ ಹಾಳೆಗಳನ್ನು ಎತ್ತಿಕೊಂಡು ವರಾಂಡಕ್ಕೆ ಬಂದರು. ನಾನು ಅವರ ಹಿಂದೆಯೇ ಬಂದೆ. ಬಿಸಿಲಿತ್ತು, ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

"ಯಾಕೆ ಮೇಡಂ ಈ ತಲೆನೋವು," ಎಂದೆ. "ಎಲ್ಲಾರ್ಗೂ ಹೌದು ಅಂತ ಬರ್ದು ಕಳಿಸಿ. ಲೀಡರನ್ನೂ ಕಳಿಸಿ. ನಾನು ಕಲಿಸ್ಕೋತೀನಿ. ವರ್ಷಾ ವರ್ಷಾ ನಾನೇ ತಾನೇ ಕಲಿಸೋದು."

ಮಾತು ಬಾಯಿಂದ ಜಾರಿದ ಮೇಲೆ ಹಿಡಿಯಲು ಬರುವುದಿಲ್ಲ. ಮೇಡಂ ಸ್ಲೇಟನ್ನು ಎತ್ತಲಿಲ್ಲ. ಆ ದಿನದ ಹತ್ತು ನಿಮಿಷಕ್ಕೆ ಕೈ ಹಾಕಿದರು.

"ಎಷ್ಟು ವರ್ಷದಿಂದ?"

ಸುಳ್ಳು ಹೇಳಬಹುದಿತ್ತು. ಆ ಒಡಕು ದನಿಯ ಮುಂದೆ ಹೇಳಲಾಗಲಿಲ್ಲ. "ನಾನು ಬಂದಾಗಿಂದ," ಎಂದೆ. "ಒಂಬತ್ತು."

"ಹೇಳ್ಬಹುದಿತ್ತಲ್ಲ ಮೇಷ್ಟ್ರೇ."

"ನಿಮಗೆ ಬೇಜಾರಾಗುತ್ತೆ ಅಂತ."

"ನನ್ನ ಬೇಜಾರು ಅಷ್ಟು ದೊಡ್ಡದಾ," ಎಂದರು. ಕೋಪದಿಂದಲ್ಲ. ನಿಜವಾಗಿಯೂ ಕೇಳಿದರು.

ಅವರ ಬೇಜಾರು ಕಾರಣವಾಗಿರಲಿಲ್ಲ. ಊರಿನಲ್ಲಿ ನನಗೊಂದು ಹೆಸರಿತ್ತು. ಮೂರನೇ ಕ್ಲಾಸಿನ ಮೇಷ್ಟ್ರ ಹತ್ತಿರ ಹೋದ ಮೇಲೆ ಮಗು ಗಡಗಡ ಓದುತ್ತದೆ ಎಂದು ತಾಯಂದಿರು ಅಂಗಡಿ ಮುಂದೆ ನಿಂತು ಹೇಳುತ್ತಿದ್ದರು. ಅದು ನನ್ನ ಕಿವಿಗೆ ಬೀಳುತ್ತಿತ್ತು, ಬಿದ್ದಾಗ ನಾನು ನಡಿಗೆ ನಿಧಾನ ಮಾಡುತ್ತಿದ್ದೆ. ಮಕ್ಕಳು ಎರಡನೇ ಕ್ಲಾಸಿನಲ್ಲೇ ಓದಲು ಕಲಿತಿದ್ದರೆ ಆ ಹೆಸರು ಎಲ್ಲಿಂದ ಬರಬೇಕಿತ್ತು? ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಇದಕ್ಕೆ. ಇದನ್ನು ಅವರಿಗೆ ಹೇಳಲು ಇವತ್ತಿಗೂ ನನಗೆ ಬಾಯಿ ಬಂದಿಲ್ಲ.

ಮೇಡಂ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು. "ನಿಮ್ಮ ಹತ್ರ ಬಂದವು ಕಲಿತ್ಕೊಂಡ್ವು," ಎಂದರು. "ಅದಕ್ಕೂ ಮುಂಚೆ ಹದಿನೇಳು ವರ್ಷ ಇದೆಯಲ್ಲ. ಅವು?"

ನನಗಿಂತ ಮುಂಚೆ ಮೂರನೇ ಕ್ಲಾಸಿಗಿದ್ದ ಮೇಷ್ಟ್ರನ್ನು ನಾನೂ ಕಂಡಿದ್ದೆ. ಓದಲು ಬಾರದ ಮಕ್ಕಳನ್ನು ಅವರು ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಬಿಂದಿಗೆ ಕೊಟ್ಟು ನಲ್ಲಿಯಿಂದ ನೀರು ತರಲು ಕಳಿಸುತ್ತಿದ್ದರು, ವರ್ಷವಿಡೀ.

ಅಂದು ಮಧ್ಯಾಹ್ನ ಇಬ್ಬರೂ ಸಹಿಗೆ ಹೊರಟೆವು. ಅವರ ಬದಲು ನಾನು ಮಾತಾಡಬೇಕೆಂದು ಒಪ್ಪಂದ. ಗಾರೆ ಕೆಲಸದವನ ಮನೆ, ಹಾಲಿನವಳ ಮನೆ, ಅಜ್ಜಿಯೊಬ್ಬಳೇ ಇರುವ ಮನೆ. ಕೆಲವರು ಬೈದರು. ಒಬ್ಬ ತಂದೆ, ಇಷ್ಟು ದಿನ ಮಗು ಚೆನ್ನಾಗಿ ಓದುತ್ತದೆ ಎಂದು ನೀವೇ ಹೇಳಿದ್ದಿರಲ್ಲ ಎಂದ. ಹೌದು, ನಾವೇ ಹೇಳಿದ್ದು ಎಂದೆ. ಮೇಡಂ ಪ್ರತಿ ಹೊಸಿಲಲ್ಲೂ ತಲೆ ತಗ್ಗಿಸಿ ನಿಂತರು. ಎಂಟು ಸಹಿ ಆಗುವಷ್ಟರಲ್ಲಿ ಅವರ ಚಪ್ಪಲಿಯ ಬಾರು ಕಿತ್ತಿತ್ತು, ಅದನ್ನು ಎಳೆದುಕೊಂಡೇ ನಡೆದರು. ಕೊನೆಯದು ಇಸ್ತ್ರಿ ಅಂಗಡಿ.

ಲೀಡರ್ ಮಡಿಸಿದ ಬಟ್ಟೆಗಳ ಗಂಟು ಹೊತ್ತು ಯಾರದೋ ಮನೆಗೆ ಕೊಡಲು ಹೊರಟಿದ್ದಳು. ನಮ್ಮನ್ನು ನೋಡಿ ದಾರಿ ಬದಲಿಸಿದಳು. ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ಹಿಂಬದಿಯ ಮೇಲೆ ನಿಲ್ಲಿಸಿ, ಮೇಡಂಗೆ ಸ್ಟೂಲು ಒರೆಸಿ ಕೊಟ್ಟಳು. ನಾನು ಎಂಟು ಮನೆಯಲ್ಲಿ ಹೇಳಿದ್ದನ್ನೇ ಹೇಳಲು ಬಾಯಿ ತೆರೆದೆ, ಮೇಡಂ ಕೈ ಅಡ್ಡ ಹಿಡಿದರು.

"ನಿನ್ನ ಮಗಳು ಇನ್ನೊಂದು ವರ್ಷ ನನ್ನ ಹತ್ರಾನೇ ಇರ್ಬೇಕು," ಎಂದರು. "ತಪ್ಪು ಅವಳದಲ್ಲ. ಕಲಿಸಿದ್ದರಲ್ಲಿ ತಪ್ಪಿದೆ."

ತಾಯಿ ತಲೆಯಾಡಿಸಿದಳು. ಹಾಳೆ ತೆಗೆದುಕೊಂಡು ಇಸ್ತ್ರಿ ಮೇಜಿನ ಮೇಲೆ ಹರಡಿದಳು. ನಾನು ಸಹಿಯ ಜಾಗಕ್ಕೆ ಬೆರಳಿಟ್ಟೆ. ಪೆನ್ನು ಹಿಡಿದು, ನಾಲಿಗೆ ಹೊರಗೆ ಚಾಚಿ, ನಿಧಾನವಾಗಿ ಹೆಸರು ಬರೆದಳು. ದುಂಡಗಿನ, ಒಂದಕ್ಕೊಂದು ಅಂಟಿದ ಅಕ್ಷರಗಳು, ಥೇಟು ಮೇಡಂ ಕೈಬರಹ.

"ನೀವೇ ಕಲ್ಸಿದ್ದು ಮಿಸ್," ಎಂದಳು.

ಮೇಡಂ ಆ ಹೆಸರಿನ ನಡುವಿನ ಅಕ್ಷರಕ್ಕೆ ಬೆರಳಿಟ್ಟರು. "ಇದು ಯಾವ ಅಕ್ಷರ?"

ತಾಯಿ ಬೆರಳನ್ನು ನೋಡಿದಳು, ಮೇಡಂ ಮುಖ ನೋಡಿದಳು. ಬೀದಿಯ ಕಡೆ ತಿರುಗಿ ಮಗಳು ದೂರ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡಳು.

"ಅದು ಪೂರ್ತಿ ಸೇರಿ ನನ್ನ ಹೆಸರು ಮಿಸ್. ಬಿಡಿಬಿಡಿಯಾಗಿ ನಂಗೊತ್ತಿಲ್ಲ." ಆಮೇಲೆ ಸಮಾಧಾನ ಮಾಡುವವಳ ಹಾಗೆ ಹೇಳಿದಳು, "ಅವಳ ಮುಂದೆ ಹೇಳ್ಬೇಡಿ. ಮೂರನೇ ಕ್ಲಾಸಿಡೀ ನೀರು ತಂದೆ, ನಾಲ್ಕಕ್ಕೆ ಬಿಟ್ಟೆ. ನಿಮ್ಮ ಮೇಲೆ ನಂಗೇನೂ ಇಲ್ಲ ಮಿಸ್. ಶಾಲೆ ಅಂದ್ರೆ ನಂಗೆ ನೆನಪಾಗೋದೇ ನಿಮ್ಮ ಕ್ಲಾಸು. ನಾನು ಓದಿದ್ದು ಅಂತ ಇದ್ರೆ ಅಲ್ಲಿ ಮಾತ್ರ."

ಪೆಟ್ಟಿಗೆ ಆರುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ಯಾರದೋ ಅಂಗಿಯ ಕಾಲರನ್ನು ನೇರ ಮಾಡತೊಡಗಿದಳು. ಮೇಡಂ ಹತ್ತಿರ ಆ ದಿನದ ಮಾತು ಇನ್ನೂ ನಾಲ್ಕು ನಿಮಿಷದಷ್ಟು ಉಳಿದಿತ್ತು. ಅವರು ಸ್ಟೂಲಿನ ಮೇಲೆ ಕೂತೇ ಇದ್ದರು.